ಪ್ರಸಂಗಪೀಠದ ಧೈರ್ಯ ಮತ್ತು ವಾರದ ಸಿದ್ಧತೆ

ಪೀಠಿಕೆ

ದೇವವಾಕ್ಯವನ್ನು ಬೋಧಿಸಲು ಸಭೆಯ ಮುಂದೆ ನಿಲ್ಲುವಾಗ ಉಂಟಾಗುವ ಭಯವು ಹೊಸದಾಗಿ ಅಭಿಷಿಕ್ತರಾದವರಿಗೆ ಮಾತ್ರ ಸೀಮಿತವಾದುದಲ್ಲ. ಮೋಶೆಯು ತನ್ನ ನಾಲಿಗೆ ಮಂದವೆಂದು ದೇವರ ಮುಂದೆ ಹೇಳಿಕೊಂಡನು (ವಿಮೋಚನಕಾಂಡ ೪:೧೦). ಯೆರೆಮೀಯನು ತನ್ನ ಎಳೆಯ ಪ್ರಾಯವನ್ನು ಮುಂದೊಡ್ಡಿ ಹಿಂಜರಿದನು (ಯೆರೆಮೀಯ ೧:೬). ಕೊರಿಂಥದಲ್ಲಿ ತನ್ನನ್ನು ಆವರಿಸಿದ್ದ ಬಲಹೀನತೆಯನ್ನೂ ನಡುಕವನ್ನೂ ಪೌಲನು ಮರೆಮಾಚಲಿಲ್ಲ (೧ ಕೊರಿಂಥ ೨:೩). ಆದುದರಿಂದ ಭಯಪಡುವ ಬೋಧಕರು ತಾವು ಕರೆಯಲ್ಪಟ್ಟವರೇ ಅಲ್ಲವೆಂದು ಸಂಶಯಿಸಬೇಕಾಗಿಲ್ಲ.

ಈ ಭಯಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪರಿಹಾರಗಳನ್ನು ಸೂಚಿಸಲಾಗುತ್ತದೆ. ಪ್ರಾರ್ಥಿಸಿ ಪೀಠವನ್ನೇರಿದರೆ ಸಾಕು, ಮಾತನ್ನು ಪವಿತ್ರಾತ್ಮನೇ ಒದಗಿಸುವನೆಂಬುದು ಒಂದು. ನಿಲುವು, ದನಿ, ಕೈಸನ್ನೆಗಳನ್ನು ಪಳಗಿಸಿಕೊಂಡರೆ ಆತ್ಮವಿಶ್ವಾಸ ಮೂಡುವುದೆಂಬುದು ಇನ್ನೊಂದು. ಮೊದಲನೆಯದು ಭಕ್ತಿಯ ಹೆಸರಿನಲ್ಲಿ ಶ್ರಮವನ್ನು ಬಿಟ್ಟುಬಿಡಲು ಎಡೆಮಾಡುತ್ತದೆ. ಎರಡನೆಯದು ಭಯದ ಲಕ್ಷಣವನ್ನು ಮುಚ್ಚುತ್ತದೆಯೇ ಹೊರತು ಅದರ ಮೂಲವನ್ನು ಮುಟ್ಟುವುದಿಲ್ಲ. ವಾರವಿಡೀ ವಾಕ್ಯದೊಂದಿಗೂ ಜನರೊಂದಿಗೂ ಬಾಳಿದ ಬೋಧಕರಲ್ಲಿ ಭಾನುವಾರದ ಧೈರ್ಯವು ಫಲವಾಗಿ ಹುಟ್ಟುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಬೋಧಿಸಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ವಿವರಿಸಲು ಯತ್ನಿಸಲಾಗಿದೆ.

೧. ಸಿದ್ಧತೆಯು ಪವಿತ್ರಾತ್ಮನಿಗೆ ಅಡ್ಡಿಯೇ?

ಏನು ಮಾತಾಡಬೇಕೆಂದು ಚಿಂತಿಸಬೇಡಿರೆಂಬ ಅರ್ಥದ ಕರ್ತನ ಮಾತು (ಮತ್ತಾಯ ೧೦:೧೯-೨೦, ಲೂಕ ೨೧:೧೪-೧೫) ಸಿದ್ಧತೆಯ ವಿರುದ್ಧ ಪದೇಪದೇ ಉದ್ಧರಿಸಲ್ಪಡುತ್ತದೆ. ಆದರೆ ಆ ವಾಗ್ದಾನ ಯಾರಿಗೆ, ಯಾವ ಸಂದರ್ಭದಲ್ಲಿ ನೀಡಲ್ಪಟ್ಟಿತು? ಬಂಧಿತರಾಗಿ ಅಧಿಪತಿಗಳ ಮತ್ತು ಅರಸರ ಮುಂದೆ ಎಳೆದೊಯ್ಯಲ್ಪಡುವ ಶಿಷ್ಯರಿಗೆ ಅದು ನೀಡಲ್ಪಟ್ಟಿದೆ. ಸೆರೆಯಲ್ಲಿರುವವನಿಗೆ ಗ್ರಂಥವೂ ಇಲ್ಲ, ಬಿಡುವೂ ಇಲ್ಲ. ಆರು ದಿನಗಳ ಅವಕಾಶವುಳ್ಳ ಬೋಧಕರು ಆ ವಾಗ್ದಾನವನ್ನು ತಮ್ಮ ಶನಿವಾರದ ಆಲಸ್ಯಕ್ಕೆ ಹೊದಿಕೆಯಾಗಿ ಬಳಸುವುದು ಸರಿಯಾದ ವ್ಯಾಖ್ಯಾನವಲ್ಲ.

ಸತ್ಯವೇದವು ಸಿದ್ಧತೆಯನ್ನು ಗೌರವಿಸಿದ ಸಂದರ್ಭಗಳು ಅನೇಕ. ಎಜ್ರನು ಧರ್ಮಶಾಸ್ತ್ರವನ್ನು ಅಭ್ಯಸಿಸುವುದಕ್ಕೂ ಅದರಂತೆ ನಡೆಯುವುದಕ್ಕೂ ಬೋಧಿಸುವುದಕ್ಕೂ ಮನಸ್ಸನ್ನು ಅಣಿಗೊಳಿಸಿದ್ದನು (ಎಜ್ರ ೭:೧೦). ಅಲ್ಲಿನ ಅನುಕ್ರಮ ಗಮನಾರ್ಹ: ಅಭ್ಯಾಸ ಮೊದಲು, ನಡತೆ ಅನಂತರ, ಬೋಧನೆ ಕೊನೆಯಲ್ಲಿ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಅದಕ್ಕಾಗಿಯೇ ಕಟ್ಟಿದ ಮರದ ಪೀಠವಿದೆ. ಓದಿದ ಭಾಗವನ್ನು ಜನರು ಗ್ರಹಿಸುವಂತೆ ಅರ್ಥ ವಿವರಿಸುವ ಲೇವಿಯರಿದ್ದಾರೆ. ಅಪೊಲ್ಲೋಸನು ವಾಕ್ಚಾತುರ್ಯವುಳ್ಳವನೂ ಶಾಸ್ತ್ರದಲ್ಲಿ ಪ್ರವೀಣನೂ ಆಗಿದ್ದರೂ ಪ್ರಿಸ್ಕಿಲ್ಲ ಮತ್ತು ಅಕ್ವಿಲರಿಂದ ಇನ್ನೂ ಹೆಚ್ಚು ಕಲಿಯಬೇಕಾಯಿತು (ಅಪೊಸ್ತಲರ ಕೃತ್ಯಗಳು ೧೮:೨೪-೨೬).

ಪೇತ್ರ ಮತ್ತು ಯೋಹಾನರು ಶಾಸ್ತ್ರಾಭ್ಯಾಸವಿಲ್ಲದ ಸಾಧಾರಣ ಜನರಾಗಿದ್ದರೂ ಧೈರ್ಯದಿಂದ ಮಾತಾಡಲಿಲ್ಲವೇ ಎಂಬ ಆಕ್ಷೇಪವೂ ಉಂಟು. ಅಪೊಸ್ತಲರ ಕೃತ್ಯಗಳು ೪:೧೩ರಲ್ಲಿ ಅವರ ಧೈರ್ಯವನ್ನು ಸೂಚಿಸುವ ಗ್ರೀಕ್ ಪದ ‘ಪರ್ರೇಸಿಯ’. ಯಾವುದನ್ನೂ ಬಚ್ಚಿಡದೆ ಬಿಚ್ಚುಮನಸ್ಸಿನಿಂದ ಆಡುವ ಮಾತಿನ ಸ್ವಾತಂತ್ರ್ಯವೆಂಬುದು ಅದರ ಮೂಲಾರ್ಥ. ಆ ಸ್ವಾತಂತ್ರ್ಯದ ಮೂಲವನ್ನು ಅದೇ ವಚನವು ತಿಳಿಸುತ್ತದೆ: ಅವರು ಯೇಸುವಿನ ಸಂಗಡ ಇದ್ದವರೆಂಬುದನ್ನು ಹಿರೀಸಭೆಯವರು ಗುರುತಿಸಿದರು. ಆ ಒಡನಾಟವೇ ಅವರ ಸಿದ್ಧತೆಯಾಗಿತ್ತು. ನಮ್ಮ ಪಾಲಿಗೆ ಆ ಒಡನಾಟವು ವಾಕ್ಯದ ಧ್ಯಾನದಲ್ಲಿಯೂ ಪ್ರಾರ್ಥನೆಯಲ್ಲಿಯೂ ಜನರ ನಡುವಣ ಸೇವೆಯಲ್ಲಿಯೂ ನಡೆಯುತ್ತದೆ.

ಸಂತ ಆಗಸ್ಟೀನನು ಇದನ್ನು ಚೆನ್ನಾಗಿ ಅರಿತಿದ್ದನು. ಮಿಲಾನಿನಲ್ಲಿ ವಾಗ್ಮಿತೆಯನ್ನು ಕಲಿಸುವ ಆಚಾರ್ಯನಾಗಿದ್ದ ಆತನು ತನ್ನ ‘ಕ್ರೈಸ್ತ ಬೋಧನೆ’ ಕುರಿತ ಗ್ರಂಥದ ನಾಲ್ಕನೆಯ ಭಾಗವನ್ನು ಬೋಧಕರ ಶಿಕ್ಷಣಕ್ಕೇ ಮೀಸಲಿಟ್ಟನು. ಮಾತಾಡುವವನಾಗುವ ಮೊದಲು ಪ್ರಾರ್ಥಿಸುವವನಾಗಬೇಕೆಂಬ ಆತನ ಸಲಹೆ ಪ್ರಸಿದ್ಧ. ಆತನು ಪ್ರಾರ್ಥನೆಯನ್ನೂ ಕಲಿಕೆಯನ್ನೂ ಪರಸ್ಪರ ಎದುರಾಳಿಗಳನ್ನಾಗಿ ನಿಲ್ಲಿಸಲಿಲ್ಲವೆಂಬುದು ಮುಖ್ಯ. ನಮ್ಮ ಕಾಲದಲ್ಲಿ ಪೋಪ್ ಫ್ರಾನ್ಸಿಸರೂ ೨೦೧೩ರ ‘ಎವಾಂಜೆಲಿ ಗಾವ್ದಿಯುಮ್’ ಪ್ರಬೋಧನಪತ್ರದಲ್ಲಿ ಪ್ರಸಂಗದ ಸಿದ್ಧತೆಗೆ ದೀರ್ಘ ವಿವರಣೆ ನೀಡಿ, ಇತರ ಕೆಲಸಗಳಿಗೆ ಸಮಯ ಕಡಿಮೆಯಾದರೂ ಇದಕ್ಕೆ ಪ್ರತಿವಾರ ಸಾಕಷ್ಟು ಸಮಯ ಕೊಡಬೇಕೆಂದು ಕೇಳಿಕೊಂಡಿದ್ದಾರೆ.

೨. ‘ಪ್ರಸಂಗ’ವೆಂಬ ಪದ ಕಲಿಸುವ ಪಾಠ

ನಾವು ‘ಪ್ರಸಂಗ’ವೆನ್ನುವ ಪದಕ್ಕೆ ಕರಾವಳಿ ಮತ್ತು ಮಲೆನಾಡಿನಲ್ಲಿ ಇನ್ನೊಂದು ಅರ್ಥವಿದೆ. ಯಕ್ಷಗಾನದ ಕಥೆಯನ್ನೊಳಗೊಂಡ ಹಾಡುಗಬ್ಬವೂ ಪ್ರಸಂಗವೇ. ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ವೇಷಭೂಷಣಗಳಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯಲ್ಲಿ ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಅರ್ಥಧಾರಿಗಳು ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ವಿಸ್ತರಿಸುತ್ತಾರೆ. ಪದ್ಯ ಸ್ಥಿರ, ಮಾತು ಮಾತ್ರ ಆ ರಾತ್ರಿಯದು. ಬರೆದಿಟ್ಟುಕೊಂಡು ಓದುವ ಪದ್ಧತಿ ಅಲ್ಲಿಲ್ಲ.

ಕಾಸರಗೋಡು ಭಾಗದ ಶೇಣಿ ಗೋಪಾಲಕೃಷ್ಣ ಭಟ್ಟರಂಥ (೧೯೧೮–೨೦೦೬) ಹಿರಿಯ ಅರ್ಥಧಾರಿಗಳ ಮಾತು ಕೇಳುಗರಿಗೆ ಆ ಕ್ಷಣದಲ್ಲಿಯೇ ಹುಟ್ಟಿದಂತೆ ತೋರುತ್ತಿತ್ತು. ಒಂದರ್ಥದಲ್ಲಿ ಅದು ನಿಜವೂ ಹೌದು. ಆದರೆ ಬಾಣ ತಗುಲಿ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುವ ಸನ್ನಿವೇಶದಲ್ಲಿ ಅರ್ಥ ಹೇಳುವವರು ಸಮಗ್ರ ಕಥೆಯನ್ನೂ ವಾಲಿಯ ಪಕ್ಷದ ನ್ಯಾಯವನ್ನೂ ರಾಮನ ಕಡೆಯಿಂದ ಬರಬಹುದಾದ ಉತ್ತರಗಳನ್ನೂ ಮೊದಲೇ ತಿಳಿದಿರಬೇಕು. ಎದುರಾಳಿ ಅರ್ಥಧಾರಿಯು ಯಾವ ಮಾತನ್ನು ಎಸೆದರೂ ಕಂಗೆಡದಿರುವುದಕ್ಕೆ ಈ ಅರಿವೇ ಆಧಾರ. ಆಶುವಾಗಿ ಆಡುವ ಮಾತಿನ ಹಿಂದೆ ವರ್ಷಗಳ ಓದು ಇರುತ್ತದೆ.

ಶೃಂಗೇರಿ ಪೀಠದ ಪರಂಪರೆಯಲ್ಲಿ ಗಣೇಶ ಚತುರ್ಥಿಯ ಕಾಲದಲ್ಲಿ ನಡೆಯುವ ವಾಕ್ಯಾರ್ಥ ಸಭೆಯೂ ಇಂಥದೇ ಶಿಸ್ತನ್ನು ನೆನಪಿಸುತ್ತದೆ. ಅಲ್ಲಿ ವಿದ್ವಾಂಸರು ಶಾಸ್ತ್ರವಿಷಯವನ್ನು ಮಂಡಿಸುವಾಗ ಇತರ ವಿದ್ವಾಂಸರ ಆಕ್ಷೇಪಗಳಿಗೆ ಉತ್ತರಿಸಬೇಕಾಗುತ್ತದೆ. ಎದುರು ವಾದವನ್ನು ಅದರ ಪೂರ್ಣ ಬಲದೊಡನೆ ಪೂರ್ವಪಕ್ಷವಾಗಿ ಮೊದಲು ಹೇಳಿ, ಅನಂತರ ಸಿದ್ಧಾಂತವನ್ನು ಸ್ಥಾಪಿಸುವುದು ಶಾಸ್ತ್ರಚರ್ಚೆಯ ಕ್ರಮ. ನಮ್ಮ ಸಭೆಯಲ್ಲಿ ಕೇಳುಗರು ಎದ್ದು ನಿಂತು ಆಕ್ಷೇಪಿಸುವುದಿಲ್ಲ. ಅವರ ಪ್ರಶ್ನೆಗಳು ಮೌನವಾಗಿ ಬೆಂಚಿನ ಮೇಲೆ ಕುಳಿತಿರುತ್ತವೆ. ಆ ಮೌನದ ಪೂರ್ವಪಕ್ಷವನ್ನು ಮೊದಲೇ ಆಲಿಸಿಕೊಂಡು ಬರುವುದು ಬೋಧಕರ ಹೊಣೆ. ನೆರೆಹೊರೆಯ ಪರಂಪರೆಗಳ ದೇವತಾ ವಿಷಯಗಳಲ್ಲಿ ನಮಗೆ ಭೇದವಿದ್ದರೂ, ಮಾತಿನ ಮೇಲಿನ ಅವರ ಗೌರವದಿಂದ ಕಲಿಯಲು ಸಂಕೋಚ ಬೇಕಿಲ್ಲ.

೩. ಒಂದು ಉದಾಹರಣೆ: ಫಲ ಕೊಡದ ಅಂಜೂರ ಮತ್ತು ಹಳದಿಯಾದ ತೋಟ

ಸಿದ್ಧತೆಯಿಲ್ಲದ ಮಾತು ಬೋಧಕರಿಗೆ ಮುಜುಗರ ತರುವುದಷ್ಟೇ ಆಗಿದ್ದರೆ ಇಷ್ಟು ವಿಚಾರ ಬೇಕಿರಲಿಲ್ಲ. ಅದು ಕೇಳುಗರನ್ನು ಗಾಯಗೊಳಿಸಬಲ್ಲದು. ತಪಸ್ಸುಕಾಲದ ಮೂರನೆಯ ಭಾನುವಾರ, ಮೂರು ವರ್ಷಗಳ ವಾಚನ ಚಕ್ರದ ಮೂರನೆಯ ವರ್ಷದಲ್ಲಿ, ಲೂಕ ೧೩:೧-೯ ಓದಲ್ಪಡುತ್ತದೆ. ಕೊನೆಯ ನಾಲ್ಕು ವಚನಗಳಲ್ಲಿ ಫಲ ಕೊಡದ ಅಂಜೂರದ ಮರದ ಸಾಮ್ಯವಿದೆ.

ಈ ವಾಚನವನ್ನು ಕೊಪ್ಪ, ಶೃಂಗೇರಿ ಅಥವಾ ನರಸಿಂಹರಾಜಪುರದ ಒಂದು ಸಣ್ಣ ಸಭೆಯಲ್ಲಿ ಊಹಿಸಿಕೊಳ್ಳೋಣ. ಅಡಿಕೆಯೇ ಇಲ್ಲಿನ ಅನೇಕ ಮನೆಗಳ ಜೀವನಾಧಾರ. ಈ ಮೂರು ತಾಲ್ಲೂಕುಗಳ ತೋಟಗಳನ್ನು ಹಳದಿ ಎಲೆ ರೋಗವು ದಶಕಗಳಿಂದ ಕಾಡುತ್ತಿದೆ. ಸೋಗೆಯ ಗರಿಗಳು ತುದಿಯಿಂದ ಹಳದಿಯಾಗುತ್ತವೆ, ಮರದ ತಲೆ ಕಿರಿದಾಗುತ್ತದೆ, ಕಾಯಿ ಉದುರುತ್ತದೆ, ಉಳಿದ ಕಾಯಿಯ ತಿರುಳು ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಮರ ಒಂದೇ ದಿನ ಸಾಯುವುದಿಲ್ಲ, ಫಸಲು ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ಇದಕ್ಕೆ ಕಾರಣವೆಂದು ಗುರುತಿಸಲಾಗಿದ್ದರೂ ರೋಗವನ್ನು ಸಂಪೂರ್ಣ ಗುಣಪಡಿಸುವ ಔಷಧ ಬಂದಿಲ್ಲ.

ಶನಿವಾರ ರಾತ್ರಿ ಪುಸ್ತಕ ತೆರೆದ ಬೋಧಕರು ಸಾಮ್ಯದ ಮೇಲ್ಮೈಯನ್ನಷ್ಟೇ ಕಂಡು, ಫಲವಿಲ್ಲದ ಮರ ದೇವರ ಕೋಪಕ್ಕೆ ಗುರಿಯೆಂದೂ ಅದನ್ನು ಕಡಿಯಲಾಗುವುದೆಂದೂ ಭಾನುವಾರ ಗಟ್ಟಿಯಾಗಿ ಸಾರಬಹುದು. ಮೂರನೆಯ ಬೆಂಚಿನಲ್ಲಿ ಅರ್ಧ ತೋಟ ಹಳದಿಯಾಗಿರುವ, ಸೊಸೈಟಿಯ ಸಾಲ ತೀರದಿರುವ ಕುಟುಂಬವೊಂದು ಕುಳಿತಿದೆ. ತಮ್ಮ ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಅವರು ತಮ್ಮೊಳಗೆ ಕೇಳಿಕೊಳ್ಳುತ್ತಾರೆ. ಬೋಧಕರ ದನಿ ನಡುಗದಿದ್ದರೂ ಸುವಾರ್ತೆಯು ಅಲ್ಲಿ ಸೋತಿದೆ.

ಸೋಮವಾರದಿಂದಲೇ ಈ ಭಾಗದೊಂದಿಗೆ ಬಾಳುವ ಬೋಧಕರು ಮೂರು ಸಂಗತಿಗಳನ್ನು ಕಾಣುತ್ತಾರೆ. ಮೊದಲನೆಯದಾಗಿ, ಸಾಮ್ಯಕ್ಕೆ ಮುಂಚಿನ ಐದು ವಚನಗಳಲ್ಲಿ ಕರ್ತನು ಪಿಲಾತನಿಂದ ಹತರಾದ ಗಲಿಲಾಯರನ್ನೂ ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಜನರನ್ನೂ ನೆನಪಿಸಿ, ಅವರು ಇತರರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಸ್ಪಷ್ಟವಾಗಿ ತಳ್ಳಿಹಾಕುತ್ತಾನೆ. ವಿಪತ್ತಿನಿಂದ ಪಾಪದ ಅಳತೆ ಮಾಡಬಾರದೆಂಬ ಬೋಧೆಯ ಬೆನ್ನಿಗೇ ಈ ಸಾಮ್ಯ ಬರುತ್ತದೆ. ಎರಡನೆಯದಾಗಿ, ಇಲ್ಲಿ ನಿರೀಕ್ಷಿಸಲ್ಪಡುವ ಫಲ ಪಶ್ಚಾತ್ತಾಪ. ಅದು ತೋಟ ಕಳೆದುಕೊಂಡವನಿಗೂ ತೋಟ ಉಳಿಸಿಕೊಂಡವನಿಗೂ ಸಮನಾದ ಕರೆ. ಕರೆಯ ತೀಕ್ಷ್ಣತೆಯನ್ನು ಬೋಧಕರು ಮೃದುಗೊಳಿಸಬೇಕಾಗಿಲ್ಲ. ಮೂರನೆಯದಾಗಿ, ಇನ್ನೊಂದು ವರ್ಷ ಇದನ್ನು ಬಿಟ್ಟುಬಿಡು ಎಂಬರ್ಥದಲ್ಲಿ ತೋಟಗಾರನು ಬೇಡುವಾಗ ಬಳಸಲ್ಪಟ್ಟ ಗ್ರೀಕ್ ಕ್ರಿಯಾಪದವೇ ಕರ್ತನ ಪ್ರಾರ್ಥನೆಯಲ್ಲಿ ‘ಕ್ಷಮಿಸು’ ಎಂಬ ಅರ್ಥದಲ್ಲಿ ಬರುತ್ತದೆ. ಬುಡ ಬಿಡಿಸಿ ಗೊಬ್ಬರ ಹಾಕುವ ಆ ತೋಟಗಾರನ ಕೆಲಸವನ್ನು ಮಲೆನಾಡಿನ ಕೇಳುಗರಿಗೆ ವಿವರಿಸಿ ಹೇಳಬೇಕಿಲ್ಲ. ಅವರ ಅಂಗೈಗೇ ಅದು ಗೊತ್ತು. ಕಡಿಯುವ ಮಾತಿಗೂ ಮರಕ್ಕೂ ನಡುವೆ ನಿಂತು ಬೇಡುವವನಲ್ಲಿ ಸಭೆಯು ಕ್ರಿಸ್ತನನ್ನು ಕಂಡಾಗ ಅದೇ ಸಾಮ್ಯವು ಆ ಕುಟುಂಬಕ್ಕೆ ಸುವಾರ್ತೆಯಾಗುತ್ತದೆ.

ಇದನ್ನು ಕಂಡುಕೊಂಡ ಬೋಧಕರ ಎದೆಯಲ್ಲಿ ಏನು ಬದಲಾಗುತ್ತದೆ? ‘ನಾನು ಹೇಗೆ ತೋರುತ್ತೇನೆ’ ಎಂಬ ಪ್ರಶ್ನೆ ಹಿಂದೆ ಸರಿದು, ‘ಈ ಮಾತು ಅವರಿಗೆ ಮುಟ್ಟಲೇಬೇಕು’ ಎಂಬ ತವಕ ಮುಂದೆ ಬರುತ್ತದೆ. ಭಯವು ಬಹುಮಟ್ಟಿಗೆ ತನ್ನನ್ನೇ ನೋಡಿಕೊಳ್ಳುವುದರಿಂದ ಬೆಳೆಯುತ್ತದೆ. ಸಿದ್ಧತೆಯು ನಮ್ಮ ದೃಷ್ಟಿಯನ್ನು ನಮ್ಮಿಂದ ವಾಕ್ಯದ ಕಡೆಗೂ ಜನರ ಕಡೆಗೂ ತಿರುಗಿಸುತ್ತದೆ.

೪. ವಾರದ ಕ್ರಮ

ಸಿದ್ಧತೆಗೆ ಒಂದೇ ಮಾದರಿಯಿಲ್ಲ. ಆದರೂ ಕೆಲವು ಹಂತಗಳನ್ನು ಗುರುತಿಸಬಹುದು.

ವಾರದ ಆರಂಭದಲ್ಲಿ ವಾಚನವನ್ನು ಯಾವ ವ್ಯಾಖ್ಯಾನದ ನೆರವೂ ಇಲ್ಲದೆ ಹಲವು ಬಾರಿ, ಗಟ್ಟಿಯಾಗಿ ಓದಬೇಕು. ಅರ್ಥವಾಗದ್ದನ್ನೂ ಇಷ್ಟವಾಗದ್ದನ್ನೂ ಬರೆದಿಟ್ಟುಕೊಳ್ಳಬೇಕು; ನಮಗೆ ತೊಡಕಾದುದು ಸಾಮಾನ್ಯವಾಗಿ ಕೇಳುಗರಿಗೂ ತೊಡಕೇ. ಮರುದಿನ ಹಿಂದುಮುಂದಿನ ವಚನಗಳನ್ನೂ ವ್ಯಾಖ್ಯಾನಗಳನ್ನೂ ಪರಿಶೀಲಿಸಬೇಕು.

ವಾರದ ನಡುವೆ ಮನೆಭೇಟಿಗಳಲ್ಲಿ ವಾಚನವು ಮನಸ್ಸಿನಲ್ಲಿರಲಿ. ಕೊಯ್ಲಿನ ಕಾಲದಲ್ಲಿ ಕೊನೆಗಾರ ಸಿಗದ ಚಿಂತೆ, ನಗರಕ್ಕೆ ಹೋದ ಮಕ್ಕಳು, ಕಾಫಿತೋಟದ ಕೂಲಿ ಕುಟುಂಬದ ಶಾಲಾ ಶುಲ್ಕ: ಇವು ಬೋಧಕರಿಗೆ ಪೂರ್ವಪಕ್ಷಗಳು. ಆದರೆ ಮನೆಯಲ್ಲಿ ಕೇಳಿದ ಗುಟ್ಟನ್ನು ಪೀಠದಿಂದ ಉದಾಹರಣೆಯಾಗಿ ಬಳಸುವುದು ಎಂದಿಗೂ ಸಲ್ಲದು. ಜನರನ್ನು ಅರಿಯುವುದು ಬೇರೆ, ಜನರ ಕಥೆಯನ್ನು ಬಯಲಿಗೆಳೆಯುವುದು ಬೇರೆ.

ಶುಕ್ರವಾರದ ಹೊತ್ತಿಗೆ ಪ್ರಸಂಗದ ಸಾರವನ್ನು ಒಂದೇ ವಾಕ್ಯದಲ್ಲಿ ಬರೆಯಲು ಸಾಧ್ಯವಾಗಬೇಕು. ಆ ವಾಕ್ಯ ಸಿಗದಿದ್ದರೆ ಸಿದ್ಧತೆ ಮುಗಿದಿಲ್ಲ. ಸಿಕ್ಕರೆ, ಮಾತಿನ ನಡುವೆ ದಾರಿ ತಪ್ಪಿದರೂ ಹಿಂದಿರುಗಲು ಒಂದು ಗುರುತಿನ ಕಲ್ಲಿರುತ್ತದೆ. ಮರೆತುಬಿಡುವೆನೆಂಬ ಭಯಕ್ಕೆ ಇದಕ್ಕಿಂತ ಉತ್ತಮ ಪರಿಹಾರವಿಲ್ಲ.

ಬಳಿಕ ಪೂರ್ಣವಾಗಿ ಬರೆಯುವುದು ಒಳ್ಳೆಯದು. ಆದರೆ ಪೀಠಕ್ಕೆ ಒಯ್ಯಬೇಕಾದುದು ಕೆಲವೇ ಸಾಲುಗಳ ಟಿಪ್ಪಣಿ. ಹಾಳೆಯಿಂದ ಓದುವ ಬೋಧಕರು ಕೇಳುಗರ ಮುಖವನ್ನು ಕಳೆದುಕೊಳ್ಳುತ್ತಾರೆ. ಆರಂಭದ ಮತ್ತು ಕೊನೆಯ ಕೆಲವು ವಾಕ್ಯಗಳು ಮಾತ್ರ ಬಾಯಿಗೆ ಬಂದಿರಲಿ. ಎದೆಬಡಿತ ಹೆಚ್ಚಾಗುವುದು ಮೊದಲ ನಿಮಿಷಗಳಲ್ಲಿ. ಆ ನಿಮಿಷಗಳನ್ನು ನಿರಾತಂಕವಾಗಿ ದಾಟಿದವರಿಗೆ ಮುಂದಿನ ದಾರಿ ಸುಗಮ.

ಶನಿವಾರ ಖಾಲಿ ದೇವಾಲಯದಲ್ಲಿ ನಿಂತು ಒಮ್ಮೆ ಗಟ್ಟಿಯಾಗಿ ಹೇಳಿನೋಡಬೇಕು. ಕಣ್ಣಿಗೆ ಚೆನ್ನಾಗಿ ಕಂಡ ಎಷ್ಟೋ ವಾಕ್ಯಗಳು ನಾಲಿಗೆಯಲ್ಲಿ ಎಡವುತ್ತವೆ. ಭಾನುವಾರದ ಬೆಳಗನ್ನು ಹೊಸ ವಿಚಾರಗಳಿಗಾಗಿ ಅಲ್ಲ, ಪ್ರಾರ್ಥನೆಗಾಗಿ ಉಳಿಸಿಕೊಳ್ಳಬೇಕು.

ಅಡಿಕೆ ಬೆಳೆಗಾರರಿಗೆ ಈ ತತ್ತ್ವ ಹೊಸದಲ್ಲ. ಕೊಳೆರೋಗ ಬರದಂತೆ ಮುಂಗಾರಿಗೆ ಮುನ್ನವೇ ಸುಣ್ಣವನ್ನೂ ಮೈಲುತುತ್ತವನ್ನೂ ಅಳತೆಯಂತೆ ಬೆರೆಸಿದ ಬೋರ್ಡೋ ದ್ರಾವಣವನ್ನು ಅವರು ಕೊನೆಗಳಿಗೆ ಸಿಂಪಡಿಸುತ್ತಾರೆ. ಕಾಯಿ ಉದುರತೊಡಗಿದ ಮೇಲೆ ಓಡಾಡುವವನಿಗೆ ಮಳೆ ಎಡೆಗೊಡುವುದಿಲ್ಲ. ಹಾಗೆಂದು ಸಿಂಪಡಿಸಿದವನು ಫಸಲನ್ನು ತಾನೇ ಸೃಷ್ಟಿಸಿದೆನೆನ್ನುವುದಿಲ್ಲ.

೫. ಭಾಷೆ ಮತ್ತು ದನಿ

ಈ ಭಾಗದ ಸಭೆಗಳಲ್ಲಿ ಕನ್ನಡದ ಜೊತೆಗೆ ಮಲಯಾಳ, ಕೊಂಕಣಿ, ತುಳು, ತಮಿಳು ಮನೆಮಾತಿನವರೂ ಇದ್ದಾರೆ. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ನರಸಿಂಹರಾಜಪುರದ ಸುತ್ತ ಹೆಚ್ಚು. ಬೋಧಕರಲ್ಲಿಯೂ ಅನೇಕರಿಗೆ ಕನ್ನಡ ಎರಡನೆಯ ಭಾಷೆ. ತಪ್ಪಾಡಿದರೆ ನಕ್ಕಾರು ಎಂಬ ಅಳುಕು ಇವರ ಭಯವನ್ನು ಇಮ್ಮಡಿಗೊಳಿಸುತ್ತದೆ.

ಇಂಥವರಿಗೆ ಕನ್ನಡ ನಾಡಿನ ಸಭಾಚರಿತ್ರೆಯೇ ಧೈರ್ಯ ಹೇಳುತ್ತದೆ. ೧೮೩೬ರಲ್ಲಿ ಬಂದ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರಿಗೂ ೧೮೫೩ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರಿಗೂ ಕನ್ನಡ ಕಲಿತ ಭಾಷೆಯೇ. ಮೋಗ್ಲಿಂಗರು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದರು. ೧೮೪೭ರಲ್ಲಿ ಮಂಗಳೂರಿನಲ್ಲಿ ಬೋಧಕರ ಶಿಕ್ಷಣಕ್ಕೆ ವಿದ್ಯಾಲಯ ತೆರೆದರು. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಕನ್ನಡದ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚುಮಾಡಿಸಿದರು. ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಹೊರಬಂದಿತು. ಕೇಳುಗರ ಭಾಷೆಯನ್ನೂ ಸಾಹಿತ್ಯವನ್ನೂ ಅರಿಯುವ ಶ್ರಮವು ಸುವಾರ್ತಾಸೇವೆಯಿಂದ ಹೊರಗಿನದೆಂದು ಅವರು ಭಾವಿಸಲಿಲ್ಲ.

ಎರಡನೆಯ ಭಾಷೆಯಲ್ಲಿ ಬೋಧಿಸುವವರು ವಾಚನದ ಕಠಿಣ ಪದಗಳನ್ನು ಗುರುತಿಸಿ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಎಡವುವ ಕಡೆಗಳನ್ನು ಸಭೆಯ ಹಿರಿಯರೊಬ್ಬರ ಮುಂದೆ ಓದಿ ತಿದ್ದಿಸಿಕೊಳ್ಳಬಹುದು. ತಿದ್ದಿದವರು ಭಾನುವಾರ ಕುಳಿತು ನಗುವುದಿಲ್ಲ. ತಮ್ಮ ಬೋಧಕರು ಚೆನ್ನಾಗಿ ಮಾತಾಡಲೆಂದು ಹಾರೈಸುತ್ತಾರೆ.

ಮಲೆನಾಡಿನ ಮಳೆಯನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು. ಆಷಾಢದಲ್ಲಿ ಶೀಟಿನ ಚಾವಣಿಯ ಮೇಲೆ ಮಳೆ ಸುರಿಯತೊಡಗಿದರೆ ಉದ್ದ ವಾಕ್ಯಗಳ ಕೊನೆ ಯಾರಿಗೂ ಕೇಳಿಸದು. ವಿದ್ಯುತ್ ಹೋದರೆ ಮೈಕೂ ಇಲ್ಲ. ಚಿಕ್ಕ ವಾಕ್ಯ, ನಿಧಾನದ ಉಚ್ಚಾರ, ಮುಖ್ಯ ಮಾತಿನ ಪುನರುಕ್ತಿ ಇವುಗಳನ್ನು ಮೊದಲೇ ಯೋಚಿಸಿರಬೇಕು.

೬. ಬಿಡುವಿಲ್ಲದ ಕರೆ ಮತ್ತು ಸಿದ್ಧತೆಯ ಮಿತಿ

ರಾತ್ರಿ ಸಾವಿನ ಸುದ್ದಿ ಬಂದು ಮರುದಿನವೇ ಸಮಾಧಿಯ ಬಳಿ ಮಾತಾಡಬೇಕಾದಾಗ ವಾರದ ಕ್ರಮವೆಲ್ಲಿ? ಇಲ್ಲಿ ಬೋಧನಶಾಸ್ತ್ರವು ಹಿಂದಿನಿಂದ ಗುರುತಿಸುತ್ತ ಬಂದ ಭೇದವೊಂದು ನೆರವಾಗುತ್ತದೆ. ನಿರ್ದಿಷ್ಟ ಪ್ರಸಂಗಕ್ಕೆ ಮಾಡುವುದು ಸಮೀಪದ ಸಿದ್ಧತೆ; ನಿತ್ಯದ ಓದು, ಧ್ಯಾನ, ಜನರ ಒಡನಾಟಗಳು ದೂರದ ಸಿದ್ಧತೆ. ಸಮೀಪದ ಸಿದ್ಧತೆಗೆ ಸಮಯವಿಲ್ಲದ ದಿನ ದೂರದ ಸಿದ್ಧತೆಯೇ ಕೈಹಿಡಿಯುತ್ತದೆ. ಸತ್ತವರ ಮನೆಯ ಜಗುಲಿಯಲ್ಲಿ ಹಿಂದೆಂದೂ ಕುಳಿತಿರದ ಬೋಧಕರಿಗೆ ಆ ದಿನ ಮಾತು ಕಷ್ಟ. ಕುಳಿತಿದ್ದವರಿಗೆ ಐದು ನಿಮಿಷದ ಸತ್ಯವಾದ ಮಾತು ಸಿಗುತ್ತದೆ. ಸೆರೆಯಲ್ಲಿದ್ದ ಶಿಷ್ಯರಿಗೆ ನೀಡಿದ ವಾಗ್ದಾನವನ್ನು ಇಂಥ ಗಳಿಗೆಯಲ್ಲಿ ನಂಬಿಕೆಯಿಂದ ನೆನೆಯಬಹುದು.

ಸಿದ್ಧತೆಗೂ ಮಿತಿಯುಂಟು. ಪ್ರತಿ ಪದವನ್ನೂ ಹಿಡಿತದಲ್ಲಿಡಬಯಸುವ ಸಿದ್ಧತೆಯು ಭಯದ ಇನ್ನೊಂದು ರೂಪವೇ. ಸಭೆಯಲ್ಲಿ ಮಗುವೊಂದು ಅತ್ತರೆ, ಯಾರದೋ ಕಣ್ಣು ತುಂಬಿದ್ದು ಕಂಡರೆ, ಬರೆದದ್ದನ್ನು ಬಿಟ್ಟು ನಿಲ್ಲುವ ಸ್ವಾತಂತ್ರ್ಯ ಬೋಧಕರಿಗಿರಬೇಕು. ಆ ಸ್ವಾತಂತ್ರ್ಯವನ್ನು ಕೊಡದ ಸಿದ್ಧತೆ ಅಪೂರ್ಣ.

ಉಪಸಂಹಾರ

ಸಿದ್ಧತೆಯಿಂದ ಹುಟ್ಟುವ ಧೈರ್ಯವು ‘ನಾನು ಸಮರ್ಥನು’ ಎಂಬ ಭಾವವಲ್ಲ. ನಾನು ಹೇಳಲಿರುವ ಮಾತು ಮೊದಲು ನನ್ನನ್ನು ಮುಟ್ಟಿದೆ, ನಾನು ಯಾರಿಗೆ ಹೇಳುತ್ತಿದ್ದೇನೆಂಬುದು ನನಗೆ ಗೊತ್ತಿದೆ, ನನ್ನ ಕೈಲಾದುದನ್ನು ಮಾಡಿ ಉಳಿದುದನ್ನು ದೇವರಿಗೆ ಒಪ್ಪಿಸಿದ್ದೇನೆ ಎಂಬ ನೆಮ್ಮದಿಯದು. ನಡುಕ ಪೂರ್ತಿ ಹೋಗದಿರಬಹುದು, ಪೌಲನಿಗೂ ಹೋಗಿರಲಿಲ್ಲ. ಆದರೆ ಅದು ಬಾಯಿ ಕಟ್ಟುವುದಿಲ್ಲ.

ಲೂಕನ ಸಾಮ್ಯವು ಮುಂದಿನ ವರ್ಷ ಮರ ಫಲ ಕೊಟ್ಟಿತೋ ಇಲ್ಲವೋ ಎಂಬುದನ್ನು ಹೇಳದೆ ನಿಲ್ಲುತ್ತದೆ. ಬೋಧಕರ ಕೆಲಸವೂ ಅಷ್ಟರವರೆಗೆ. ಬುಡ ಬಿಡಿಸುವುದು, ಗೊಬ್ಬರ ಹಾಕುವುದು, ಜನರ ಪರವಾಗಿ ಬೇಡಿಕೊಳ್ಳುವುದು ನಮ್ಮ ಪಾಲಿನದು. ಅದನ್ನು ಸೋಮವಾರದಿಂದಲೇ ಆರಂಭಿಸೋಣ.